ಮೂರೂ ನಾಲ್ಕೂ ಐದು

ಮೂರಕ್ಕೆ ನಾಲ್ಕು ಕೂಡಿಸಿದರೆ ಐದಾಗುತ್ತದೆ ಎಂದು ಅಪ್ಪನಿಗೆ ಹೇಳಿದ ದಿನವೇ ನಮ್ಮ ಮನೆಯಲ್ಲಿ ನನ್ನ ಇಂಜಿನಿಯರಿಂಗ್ ಪದವಿಯ ಮರ್ಯಾದೆ ಹೋಯಿತು. ಆಮೇಲೆ ಅದು ಪೂರ್ತಿಯಾಗಿ ತಿರುಗಿ ಬರಲೇ ಇಲ್ಲ.

ಗುಜರಾತಿನ ಭೂಕಂಪವಾಗಿ ವರ್ಷ ಕಳೆದಿತ್ತು. ನಾನು ಚಳ್ಳಕೆರೆಯಲ್ಲಿ, ಎಣ್ಣೆ ಮಿಲ್ಲುಗಳ ಬೀದಿಯ ಮಹಡಿಯೊಂದರಲ್ಲಿದ್ದ ಸಣ್ಣ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಕಟ್ಟಡಗಳ ಕಂಬ, ಬೀಮುಗಳ ಲೆಕ್ಕ ಹಾಕಿ ನಕ್ಷೆ ಮಾಡಿಕೊಡುವುದು ನಮ್ಮ ಕೆಲಸ. ಕಿಟಕಿ ತೆಗೆದರೆ ಶೇಂಗಾ ಹಿಂಡಿಯ ವಾಸನೆ, ಮುಚ್ಚಿದರೆ ಸೆಕೆ. ಭಾನುವಾರ ಬಂದರೆ ಬಸ್ಸು ಹತ್ತಿ, ತಳಕಿನಲ್ಲಿ ಅದು ಹೊಟ್ಟೆ ತುಂಬ ಜನರನ್ನು ತುಂಬಿಕೊಳ್ಳುವವರೆಗೂ ಕಾದು, ಮೊಳಕಾಲ್ಮೂರಿಗೆ ಹೋಗುತ್ತಿದ್ದೆ. ಅಲ್ಲಿ ಅಪ್ಪ, ಅವ್ವ ಮತ್ತು ಅಪ್ಪನ ತಮ್ಮ ಇದ್ದರು. ಅವನನ್ನು ನಾನು ಚಿನ್ನಾಯ್ನ ಎನ್ನುತ್ತಿದ್ದೆ. ಮದುವೆಯಾಗದೆ ಉಳಿದವನು. ಅಣ್ಣ ತಮ್ಮ ಇಬ್ಬರೂ ರೇಷ್ಮೆ ಸೀರೆ ನೇಯುವವರು. ನಮ್ಮದು ಮನೆಯೊಳಗೆ ತೆಲುಗು, ನಾಯ್ನ ಎಂದರೆ ಅಪ್ಪ, ತಲ್ಲಿ ಎಂದರೆ ತಾಯಿ; ಬೀದಿಗಿಳಿದರೆ ಕನ್ನಡ. ಲೆಕ್ಕದ ಮಾತು ಬಂದರೆ ಮನೆಯೊಳಗೂ ಕನ್ನಡವೇ, ಯಾಕೆಂದರೆ ಎಲ್ಲರೂ ಮಗ್ಗಿ ಕಲಿತದ್ದು ಅದರಲ್ಲಿ.

ಈ ಅಣ್ಣತಮ್ಮಂದಿರು ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಅಜ್ಜಿಯ ತಿಥಿಯಲ್ಲಿ ಎಡೆ ಯಾರು ಇಡಬೇಕೆಂಬ ಮಾತಿಗೆ ಶುರುವಾದದ್ದು ಎಂದು ಅವ್ವ ಹೇಳುತ್ತಿದ್ದಳು. ಒಂದೇ ಸೂರು, ಒಂದೇ ಒಲೆ, ಎದುರುಬದುರು ಮಗ್ಗ. ಮಾತು ಮಾತ್ರ ಮೂರನೆಯವರ ಮೂಲಕ. ಅಪ್ಪ ಚಿನ್ನಾಯ್ನನ ಕಡೆಗೇ ನೋಡುತ್ತ ನನಗೆ ಹೇಳುತ್ತಿದ್ದ, "ಅವಂಗೆ ಹೇಳು, ರೇಷ್ಮೆ ಬಂದೈತೆ ಅಂತ." ಚಿನ್ನಾಯ್ನನೂ ಅಪ್ಪನ ಕಡೆಗೇ ನೋಡುತ್ತ, "ಗೊತ್ತೈತೆ ಅಂತ ನಿಮ್ಮಪ್ಪಂಗೆ ಹೇಳು" ಎನ್ನುತ್ತಿದ್ದ. ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ ನಾನು ಎರಡೂ ಕಡೆ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಮಾತು ತಲುಪಿದ ಲೆಕ್ಕವಿಲ್ಲ. ನಮ್ಮ ಕೇರಿಯಲ್ಲಿ ಇದು ಹೊಸದೇನಲ್ಲ. ಮುನಿಸಿಕೊಂಡವರು ಮನೆ ಒಡೆಯುವುದಿಲ್ಲ, ಮಾತು ಒಡೆಯುತ್ತಾರೆ. ಮಧ್ಯದವರ ಪ್ರಾಣ ಹೋಗುತ್ತದೆ.

ಹಳೆಯ ಮಣ್ಣಿನ ಮಾಳಿಗೆ ಸೋರಲು ಶುರುವಾಗಿ, ಕೆಡವಿ ಹೊಸದು ಕಟ್ಟುವುದೆಂದು ಅವ್ವನ ಮೂಲಕ ಇಬ್ಬರೂ ಒಪ್ಪಿದರು. ಕೆಳಗೆ ಮಗ್ಗಗಳು, ಮೇಲೆ ವಾಸ. ಮನೆಯಲ್ಲೇ ಇಂಜಿನಿಯರ್ ಇಟ್ಟುಕೊಂಡು ಹೊರಗಿನವರನ್ನು ಯಾಕೆ ಕೇಳುವುದು ಎಂದು ನಕ್ಷೆ ನನ್ನ ತಲೆಗೆ ಬಿತ್ತು. ನನಗೂ ಹಿಗ್ಗು. ಪೇಪರಿನಲ್ಲಿ ಗುಜರಾತಿನ ಚಿತ್ರಗಳನ್ನು ನೋಡಿದ್ದೆ. ಕೆಳಗೆ ಗೋಡೆಯಿಲ್ಲದೆ ಬರೀ ಕಂಬ ನಿಲ್ಲಿಸಿ, ಮೇಲೆ ಮನೆ ಕಟ್ಟಿದ್ದ ಕಡೆ ಕೆಳ ಅಂತಸ್ತೇ ಮಾಯವಾಗಿ ಮೊದಲ ಮಹಡಿ ನೆಲಕ್ಕೆ ಕೂತಿತ್ತು. ನಮ್ಮವರು ಮಲಗುವ ಮನೆಯನ್ನು ಅಂದಾಜಿನ ಮೇಲೆ ಕಟ್ಟುವುದಿಲ್ಲ ಎಂದು ನಿರ್ಧರಿಸಿದೆ. ಆಫೀಸಿನ ಹಿರಿಯ ಇಂಜಿನಿಯರ್ ನಕ್ಕರು. "ಅಲ್ಲಮ್ಮಾ, ನಮ್ಮ ಜಿಲ್ಲೆ ಎಲ್ಲಕ್ಕಿಂತ ಕಡಿಮೆ ಅಪಾಯದ ಪಟ್ಟಿಯಲ್ಲೈತೆ. ಇಷ್ಟು ಸಣ್ಣ ಮನೆಗೆ ಇಷ್ಟು ದೊಡ್ಡ ಲೆಕ್ಕ ಯಾರು ಕೇಳ್ತಾರೆ?" ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಿಯಮವೂ ಕೇಳುತ್ತಿರಲಿಲ್ಲ. ನಾನು ಕೇಳುತ್ತಿದ್ದೆ, ಅಷ್ಟೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದು ಅಪ್ಪನಿಂದ ಬಂದ ಗುಣ.

ಭೂಮಿ ನಡುಗಿದಾಗ ಕಟ್ಟಡ ಒಂದೇ ಬಗೆಯಲ್ಲಿ ಅಲುಗುವುದಿಲ್ಲ. ಇಡೀ ಕಟ್ಟಡ ಒಂದು ಪಕ್ಕಕ್ಕೆ ಓಲುವುದು ಒಂದು ಬಗೆ. ಕೆಳಗಿನ ಅಂತಸ್ತು ಅತ್ತ, ಮೇಲಿನದು ಇತ್ತ ಹೋಗುವುದು ಇನ್ನೊಂದು. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುವುದು ಮತ್ತೊಂದು. ಒಂದೊಂದು ಬಗೆಗೂ ಅದರದೇ ತಾಳವಿದೆ. ಒಂದೊಂದರಲ್ಲೂ ಒಂದು ಕಂಬದ ಮೇಲೆ ಅತಿ ಹೆಚ್ಚು ಎಷ್ಟು ಹೊರೆ ಬೀಳುತ್ತದೆಂದು ಬೇರೆ ಬೇರೆ ಲೆಕ್ಕ ಹಾಕಬಹುದು. ಕಷ್ಟ ಇರುವುದು ಅವನ್ನೆಲ್ಲ ಸೇರಿಸುವುದರಲ್ಲಿ. ಎಲ್ಲದರ ಉಬ್ಬರವೂ ಒಂದೇ ಗಳಿಗೆಗೆ ಬರುವುದಿಲ್ಲವಾದ್ದರಿಂದ ನೇರವಾಗಿ ಕೂಡಿದರೆ ಲೆಕ್ಕ ಹೆಚ್ಚಾಗುತ್ತದೆ. ಅದಕ್ಕೇ ಒಂದೊಂದನ್ನೂ ವರ್ಗ ಮಾಡಿ, ಕೂಡಿ, ಮೊತ್ತಕ್ಕೆ ವರ್ಗಮೂಲ ತೆಗೆಯುತ್ತಾರೆ. ಮೂರು ಮತ್ತು ನಾಲ್ಕು ಹೀಗೆ ಸೇರಿದರೆ ಐದು.

ಕಂಬಕ್ಕೆ ಕಬ್ಬಿಣ ಎಷ್ಟು ಬೇಕೆಂದು ಅಪ್ಪ ಕೇಳಿದಾಗ ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದೆ. ಅಪ್ಪ ಲಾಳಿ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡ.

"ಮೂರೂ ನಾಕೂ ಏಳು ಕಣಮ್ಮ," ಎಂದ. "ಐದು ಅಂತ ಯಾವ ಕಾಲೇಜಲ್ಲಿ ಹೇಳ್ಕೊಟ್ರು?"

"ಎರಡೂ ಒಂದೇ ಸಲಕ್ಕೆ ಬರಲ್ಲ ಅಪ್ಪಾ, ಅದಕ್ಕೇ ಐದು."

"ಬಂದ್ರೆ?"

"ಬರಲ್ಲ."

"ನಿಮ್ಮ ಚಿನ್ನಾಯ್ನಂಗೆ ಹೇಳು," ಎಂದ ಅಪ್ಪ, ಎದುರಿನ ಮಗ್ಗದ ಕಡೆ ನೋಡುತ್ತ. "ನಮ್ಮ ಹುಡುಗಿ ಹೇಳ್ತಾಳೆ, ಮೂರೂ ನಾಕೂ ಐದಂತೆ."

ಚಿನ್ನಾಯ್ನ ನಕ್ಕುಬಿಟ್ಟ. ಅಪ್ಪನ ಮುಖದಲ್ಲೂ ನಗು ಬಂತು. ವರ್ಷಗಳ ಮೇಲೆ ಇಬ್ಬರೂ ಒಟ್ಟಿಗೆ ನಕ್ಕದ್ದು ನನ್ನ ವಿದ್ಯೆಯನ್ನು ನೋಡಿ. ನನಗೆ ಮೈ ಉರಿದುಹೋಯಿತು.

ಕಂಬಗಳು ಎದ್ದು ಮೊದಲ ಮಾಳಿಗೆಗೆ ಕಾಂಕ್ರೀಟ್ ಬಿದ್ದ ಮೇಲೆ ಒಬ್ಬೊಬ್ಬರ ಆಸೆ ಹೊರಗೆ ಬಂತು. ನಮ್ಮ ಜಾಗ ಬೀದಿಯೂ ಓಣಿಯೂ ಸೇರುವ ಮೂಲೆಯದು. ಹಿಂದೆ ಮತ್ತು ಪಕ್ಕದಲ್ಲಿ ಗಟ್ಟಿ ಗೋಡೆ. ಬೀದಿಯ ಕಡೆಯೂ ಓಣಿಯ ಕಡೆಯೂ ನಾನು ಗೋಡೆ ತೋರಿಸಿ, ಓಣಿ ಕಡೆ ದೊಡ್ಡ ಕಿಟಕಿ ಇಟ್ಟಿದ್ದೆ. ಅಪ್ಪನಿಗೆ ಬೀದಿ ಕಡೆಯ ಗೋಡೆ ಬೇಡವೆನಿಸಿತು. "ಇಡೀ ಮುಂಭಾಗ ಶಟರ್ ಹಾಕ್ತೀನಿ. ಸೀರೆ ಅಂಗಡಿ ಮಾಡ್ತೀನಿ. ಎಷ್ಟು ದಿನ ಅಂತ ನೇಯ್ದು ಬೇರೆಯವರ ಅಂಗಡಿಗೆ ಹಾಕೋದು?" ಆಸೆ ನ್ಯಾಯವಾದದ್ದೇ. ನಾನು ಆಫೀಸಿಗೆ ಹೋಗಿ ಲೆಕ್ಕ ಹಾಕಿ ಬಂದು ಹೇಳಿದೆ, "ಗೋಡೆ ತೆಗೀಬಹುದು. ಆದ್ರೆ ಮೂಲೆ ಕಂಬದ ಬುಡದಲ್ಲಿ ನೆಲದೊಳಗೆ ಹೋಗಿರೋ ಬೀಮ್ ಮುಟ್ಟೋ ಹಾಗಿಲ್ಲ."

ಚಿನ್ನಾಯ್ನನ ಆಸೆ ಬೇರೆ. ನಮ್ಮಲ್ಲಿರುವುದು ಗುಂಡಿ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ನೇಯುವವನು ಅದರೊಳಗೆ ಕಾಲು ಇಳಿಬಿಟ್ಟು ಕೂತು ತುಳಿಯಬೇಕು. ಹಳೆಯ ಮನೆಯಲ್ಲಿ ನನ್ನ ತಾತ ತನ್ನ ಗುಂಡಿಯನ್ನು ಓಣಿಯ ಮೂಲೆಯಲ್ಲೇ ತೋಡಿದ್ದ, ಬೆಳಗಿನಿಂದ ಸಂಜೆಯವರೆಗೆ ಬೆಳಕಿರುವುದು ಅಲ್ಲೇ ಎಂದು. ಮನೆ ಕೆಡವುವಾಗ ಆ ಗುಂಡಿಯ ಬಾಯಿಗೆ ಚಪ್ಪಡಿ ಮುಚ್ಚಿ ಉಳಿಸಿಕೊಂಡಿದ್ದರು. ಒಮ್ಮೆ ಪೂಜೆ ಮಾಡಿ ಕಾಲಿಟ್ಟ ಗುಂಡಿಯನ್ನು ನೇಯುವವನು ಇರುವವರೆಗೆ ಮುಚ್ಚಬಾರದು, ಕದಲಿಸಬಾರದು ಎನ್ನುವುದು ನಮ್ಮ ಮನೆಯ ನಂಬಿಕೆ. ತಾತನ ನಂತರ ಅಲ್ಲಿ ಕೂತವನು ಚಿನ್ನಾಯ್ನ. ಅವನ ಕಣ್ಣು ಆಗಲೇ ಮಂದವಾಗುತ್ತಿತ್ತು. ಕಣ್ಣಿನೊಳಗಿನ ನರವೇ ಸೊರಗುತ್ತಿದೆ, ಕನ್ನಡಕದಿಂದ ಆಗುವ ಮಾತಲ್ಲ ಎಂದು ಡಾಕ್ಟರು ಹೇಳಿದ್ದರು. ಅಂಚಿನ ಬಣ್ಣದೆಳೆಗಳನ್ನು ಆರಿಸಲು ಅವನಿಗೆ ಆ ಬೆಳಕು ಬೇಕೇ ಬೇಕಿತ್ತು.

ಚಪ್ಪಡಿ ತೆಗೆದು ನೋಡಿದರೆ ನನ್ನ ಬೀಮು ಸರಿಯಾಗಿ ಗುಂಡಿಯ ಬಾಯಿಗೆ ಅಡ್ಡ.

"ತಲ್ಲೀ, ಕಾಲು ಇಳಿಬಿಡೋಕೆ ಆಗಲ್ಲ," ಎಂದ ಚಿನ್ನಾಯ್ನ. "ಇದೊಂದು ಇಲ್ದಿದ್ರೆ ಏನಾಗುತ್ತೆ?"

ಮತ್ತೆ ಲೆಕ್ಕ ಹಾಕಿದೆ. ಬಂದು ಹೇಳಿದೆ, "ಇದೊಂದು ತುಂಡು ತೆಗೀಬಹುದು ಚಿನ್ನಾಯ್ನ. ಆದ್ರೆ ಬೀದಿ ಕಡೆ ಗೋಡೆ ಇರ್ಲೇಬೇಕು. ಅಪ್ಪ ಗೋಡೆ ತೆಗೆದ್ರೆ ನೀನು ಬೀಮ್ ಒಡೆಯೋ ಹಾಗಿಲ್ಲ."

"ನಿಮ್ಮಪ್ಪಂಗೆ ಹೇಳಿದೀಯಾ?"

"ಹೇಳಿದೀನಿ."

ನಿಜವಾಗಿಯೂ ಹೇಳಿದ್ದೆ. ಇಬ್ಬರಿಗೂ, ಒಬ್ಬೊಬ್ಬರದೂ ಇನ್ನೊಬ್ಬರಿಗೆ. ಎರಡರಲ್ಲಿ ಒಂದು ಮಾತ್ರ, ಯಾವುದು ಎಂದು ನೀವೇ ನಿಶ್ಚಯ ಮಾಡಿಕೊಳ್ಳಿ ಎಂದು ಅವ್ವನ ಎದುರಿಗೇ ಹೇಳಿದ್ದೆ. ಅಪ್ಪ ಕೇಳಿಸಿಕೊಂಡದ್ದು, ಗೋಡೆ ತೆಗೀಬಹುದು. ಚಿನ್ನಾಯ್ನ ಕೇಳಿಸಿಕೊಂಡದ್ದು, ಬೀಮ್ ತೆಗೀಬಹುದು. ಆಮೇಲಿನದನ್ನು ಇಬ್ಬರೂ ಇನ್ನೊಬ್ಬರ ಪಾಲಿಗೆ ಬಿಟ್ಟರು. ಅಣ್ಣ ತನ್ನ ಸಲುವಾಗಿ ಗೋಡೆ ಉಳಿಸಿಕೊಂಡಾನು ಎಂದು ಚಿನ್ನಾಯ್ನ, ತಮ್ಮ ತನ್ನ ಸಲುವಾಗಿ ಬೀಮು ಒಡೆಯದೆ ಬಿಟ್ಟಾನು ಎಂದು ಅಪ್ಪ. ಒಂದು ಮಾತು ಕೇಳಿಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ಮಾತಾಡಬೇಕಲ್ಲ.

ಒಂದೆರಡು ಭಾನುವಾರ ಆಫೀಸಿನ ಕೆಲಸದಿಂದ ಊರಿಗೆ ಹೋಗಲಾಗಲಿಲ್ಲ. ಮುಂದಿನ ಸಲ ಹೋದಾಗ ಬೀದಿ ಕಡೆ ಗೋಡೆಯ ಬದಲು ಹೊಚ್ಚ ಹೊಸ ಶಟರು ಮಿಂಚುತ್ತಿತ್ತು. ಒಳಗೆ ಮೂಲೆ ಕಂಬದ ಬುಡದಲ್ಲಿ ಬೀಮನ್ನು ಒಡೆದು ಹಾಕಿ, ಚಾಚಿಕೊಂಡಿದ್ದ ಕಂಬಿಗಳನ್ನು ಕತ್ತರಿಸಿ, ಗುಂಡಿಗೆ ಸಗಣಿ ಸಾರಿಸಿ ಅರಿಶಿನ ಕುಂಕುಮ ಹಚ್ಚಿದ್ದರು. ಮೇಸ್ತ್ರಿಯನ್ನು ಕೇಳಿದೆ. "ನೀವೇ ಹೂಂ ಅಂದಿದ್ರಂತಲ್ರೀ ಮೇಡಂ," ಎಂದ. "ಇಬ್ರೂ ಹಂಗೇ ಅಂದ್ರು."

ಅಳು ಬರುವಷ್ಟು ಸಿಟ್ಟು ಬಂತು. ಮಾರನೇ ದಿನ ಚಳ್ಳಕೆರೆಗೆ ಹೋದವಳೇ ಎರಡೂ ಬದಲಾವಣೆ ಸೇರಿಸಿ ಹೊಸದಾಗಿ ಲೆಕ್ಕಕ್ಕೆ ಕೂತೆ. ನಾನು ಹೆದರಿದ್ದಕ್ಕಿಂತ ಕೆಟ್ಟದಾಗಿತ್ತು. ಹಿಂದೆ ಗಟ್ಟಿ ಗೋಡೆ, ಮುಂದೆ ಬರೀ ಶಟರ್. ಹಾಗಾಗಿ ಕಟ್ಟಡ ಓಲುವ ತಾಳವೂ ತಿರುಚಿಕೊಳ್ಳುವ ತಾಳವೂ ಹೆಚ್ಚುಕಡಿಮೆ ಒಂದೇ ಆಗಿಬಿಟ್ಟಿದ್ದವು. ತಾಳಗಳು ದೂರದೂರ ಇದ್ದಾಗ ಮಾತ್ರ ವರ್ಗಮೂಲದ ಲೆಕ್ಕ ನಡೆಯುವುದು. ಹತ್ತಿರ ಬಂದರೆ ಒಂದು ಏರುವಾಗಲೇ ಇನ್ನೊಂದೂ ಏರುತ್ತದೆ. ಒಂದು ಮೂಲೆಯಲ್ಲಿ ಎರಡೂ ಒಂದನ್ನೊಂದು ಕಳೆದುಕೊಂಡರೆ ಎದುರು ಮೂಲೆಯಲ್ಲಿ ಪೂರ್ತಿ ಕೂಡಿಕೊಳ್ಳುತ್ತವೆ. ಅದಕ್ಕೆ ಬೇರೆ ಸೂತ್ರವಿದೆ, ಅದರಲ್ಲಿ ಎರಡರ ನಂಟನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಹಿಡಿದೆ. ಸಾಲದ್ದಕ್ಕೆ ಭೂಮಿ ಒಂದೇ ದಿಕ್ಕಿಗೆ ನಡುಗುವುದಿಲ್ಲ. ಬೀದಿಯ ದಿಕ್ಕಿಗೆ ಪೂರ್ತಿ ನಡುಗಿದರೆ ಓಣಿಯ ದಿಕ್ಕಿನದೂ ಒಂದು ಪಾಲು ಸೇರಿಸಬೇಕು, ಮೂಲೆ ಕಂಬ ಎರಡನ್ನೂ ಹೊರಬೇಕು. ಎಲ್ಲ ಸೇರಿಸಿದಾಗ ಹೊರೆಯೆಲ್ಲ ಹೋಗಿ ಬಿದ್ದದ್ದು, ಬುಡ ಬಿಡಿಸಿಕೊಂಡು ನಿಂತ ಆ ಮೂಲೆ ಕಂಬದ ಮೇಲೆ.

ಮೂರೂ ನಾಲ್ಕೂ ಐದಲ್ಲ, ಏಳರ ಹತ್ತಿರಕ್ಕೆ ಬಂದಿತ್ತು.

ಮುಂದಿನ ಭಾನುವಾರ ಇಬ್ಬರನ್ನೂ ಆ ಕಂಬದ ಹತ್ತಿರ ಕರೆದು ನಿಲ್ಲಿಸಿದೆ. ಕಂಬವನ್ನೇ ದಪ್ಪ ಮಾಡಬಹುದೇ ಎಂದು ಮೊದಲೇ ಯೋಚಿಸಿದ್ದೆ. ಒಳಗೆ ದಪ್ಪ ಮಾಡಿದರೆ ಗುಂಡಿಯಲ್ಲಿ ಕಾಲಾಡುವುದಿಲ್ಲ, ಹೊರಗೆ ಮಾಡಿದರೆ ಶಟರು ಇಳಿಯುವುದಿಲ್ಲ. ಯಾರಾದರೊಬ್ಬರು ಬಿಡಲೇಬೇಕಿತ್ತು. ಲೆಕ್ಕ ಏಳರ ಹತ್ತಿರ ಬಂದದ್ದನ್ನೂ ಇದನ್ನೂ ಹೇಳಿದೆ.

ಅಪ್ಪ ಹಿಡಿದುಕೊಂಡದ್ದು ಏಳನ್ನು ಮಾತ್ರ. "ಅಲ್ಲಮ್ಮ, ಮೊದ್ಲು ಐದು ಅಂದೆ. ಈಗ ಏಳು ಅಂತೀಯಾ. ನಾನು ಅವತ್ತೇ ಏಳು ಅಂದಿರ್ಲಿಲ್ವಾ?"

"ಅವತ್ತು ಗೋಡೆ ಇತ್ತು ಅಪ್ಪಾ!"

"ಗೋಡೆ ತೆಗಿ ಅಂತ ಹೇಳಿದ್ದೂ ನೀನೇ."

"ಬೀಮ್ ಇದ್ರೆ ತೆಗಿ ಅಂದಿದ್ದು."

"ಹಂಗಾದ್ರೆ ಬೀಮ್ ಒಡೆದೋರನ್ನ ಕೇಳು."

ಚಿನ್ನಾಯ್ನ ಕಂಬ ನೋಡುತ್ತ ನಿಂತಿದ್ದ. "ಗೋಡೆ ಇದ್ದಿದ್ರೆ ಏನೂ ಆಗ್ತಿರ್ಲಿಲ್ಲ ಅಂತ ನಿಮ್ಮಪ್ಪಂಗೆ ಹೇಳು," ಎಂದ.

"ಇವೆಲ್ಲ ಬಂಡೆ ಮೇಲಿರೋ ಊರು, ಇಲ್ಲಿ ಯಾವ ಭೂಕಂಪ ಬರುತ್ತೆ ಅಂತ ಅವಂಗೆ ಹೇಳು," ಎಂದ ಅಪ್ಪ.

ಎತ್ತು ಏರಿಗೆ, ಕೋಣ ನೀರಿಗೆ. ನನ್ನ ತಾಳ್ಮೆ ತಪ್ಪಿತು. "ನಂಗ್ಯಾಕೆ ಹೇಳ್ತೀರಿ ಇಬ್ರೂ? ಅಲ್ಲೇ ನಿಂತವ್ನೆ, ಅವಂಗೇ ಹೇಳು! ನಿನ್ ಪಕ್ಕದಲ್ಲೇ ಅಣ್ಣ ಇದಾನೆ, ಅವಂಗೇ ಹೇಳು! ಒಂದು ಮಾತು ಆಡಿದ್ರೆ ಬಾಯಿ ಸವೀತದಾ? ಈ ಮನೆ ಮೇಲೆ ಮಲಗೋರು ನೀವು. ನಿಮ್ ಹಟ ಹೊರೋದು ಈ ಕಂಬ, ನಿಮ್ ಮಾತು ಹೊರೋದು ನಾನು. ನನ್ನಿಂದಾಗಲ್ಲ!"

ಕೂಗಿದ ಸದ್ದಿಗೆ, ಮೇಲೆ ಹೊಸ ಗೋಡೆಗಳಿಗೆ ನೀರು ಹಾಕುತ್ತಿದ್ದ ಅವ್ವ ಇಳಿದು ಬಂದಳು. ಅಪ್ಪ ಶಟರು ಎತ್ತಿ ಬೀದಿಗೆ ಹೋದ. ಚಿನ್ನಾಯ್ನ ಗುಂಡಿಯ ಅಂಚಿನಲ್ಲಿ ಕೂತ. ನಾನು ಊಟ ಮಾಡದೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈದುಕೊಂಡೆ, ಅವರನ್ನೂ, ಇಂಥ ಮನೆಗೆ ಇಂಥ ಲೆಕ್ಕ ಹಾಕಲು ಹೋದ ನನ್ನ ಹುಚ್ಚನ್ನೂ. ಪಟ್ಟಿಯಲ್ಲಿ ಕಡಿಮೆ ಅಪಾಯದ ಊರು. ಬಿಟ್ಟುಬಿಟ್ಟರೆ ಯಾರಿಗೆ ಏನಾಗುತ್ತಿತ್ತು? ಆದರೆ ಗೊತ್ತಾದ ಮೇಲೆ ಗೊತ್ತಿಲ್ಲದ ಹಾಗೆ ಇರಲು ನನಗೆ ಬರುವುದಿಲ್ಲ.

ಮತ್ತೆ ಊರಿಗೆ ಹೋದಾಗ ಗುಂಡಿ ಇರಲಿಲ್ಲ. ಮಣ್ಣು ತುಂಬಿ, ಧಮ್ಮಸ್ಸು ಹಾಕಿ ಗಟ್ಟಿ ಮಾಡಿ, ಮೇಸ್ತ್ರಿಯನ್ನು ಕರೆಸಿ ಬೀಮನ್ನು ಮೊದಲಿನಂತೆ ಕಟ್ಟಿಸಲು ಕಂಬಿ ಹೊಂದಿಸಿ ಇಟ್ಟಿದ್ದರು. ನಾನು ನೋಡಿ ಹೇಳಿದ ಮೇಲೆ ಕಾಂಕ್ರೀಟ್ ಹಾಕುವುದೆಂದು ಕಾದಿದ್ದರು. ಮಣ್ಣು ತುಂಬಿದ್ದು ಚಿನ್ನಾಯ್ನನೇ, ಯಾರಿಗೂ ಮುಟ್ಟಗೊಡಲಿಲ್ಲ ಎಂದು ಅವ್ವ ಹೇಳಿದಳು. ಮಗ್ಗವನ್ನು ಬಿಚ್ಚಿ ಹಿಂದಿನ ಗೋಡೆಯ ಹತ್ತಿರ ಹೊಸ ಗುಂಡಿಗೆ ಸಾಗಿಸಿದ್ದ. ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಕೊನೆಗೂ ಒಬ್ಬರಿಗಾದರೂ ಬುದ್ಧಿ ಬಂತಲ್ಲ ಎಂದುಕೊಂಡೆ. ಹಳೆಯ ಕಂಬಿಗೆ ಹೊಸದನ್ನು ಎಷ್ಟು ಉದ್ದ ಸೇರಿಸಬೇಕೆಂದು ಮೇಸ್ತ್ರಿಗೆ ಹೇಳಿ, ಅದು ಆಗುವವರೆಗೆ ನಿಂತಿದ್ದು, ಆಮೇಲೆ ಹಿಂದಿನ ಮಗ್ಗದ ಕಡೆ ಹೋದೆ.

ನಡುಮಧ್ಯಾಹ್ನದಲ್ಲೂ ಅಲ್ಲಿ ಟ್ಯೂಬ್‌ಲೈಟು ಉರಿಯುತ್ತಿತ್ತು. ಚಿನ್ನಾಯ್ನ ಎರಡು ಲಡಿ ರೇಷ್ಮೆಯನ್ನು ಮುಖದ ಹತ್ತಿರ ಹಿಡಿದುಕೊಂಡಿದ್ದ.

"ಇದ್ರಲ್ಲಿ ಹಸಿರು ಯಾವುದು ನೋಡು ತಲ್ಲೀ."

ಒಂದು ಕಡುಹಸಿರು, ಒಂದು ಕಡುನೀಲಿ. ಆ ಬೆಳಕಿನಲ್ಲಿ ನನಗೂ ಎರಡೂ ಕಪ್ಪಾಗಿಯೇ ಕಂಡವು. ಬಾಗಿಲ ಹತ್ತಿರ ಒಯ್ದು ನೋಡಿ ಬಂದು ಹೇಳಿದೆ. ಅವನು ಹಸಿರಿನ ತುದಿಗೆ ಒಂದು ಗಂಟು ಹಾಕಿಕೊಂಡ, ಮುಂದಿನ ಸಲಕ್ಕೆ ಗುರುತಿಗೆ.

ಆಗ ಮತ್ತೆ ಸಿಟ್ಟು ಬಂತು, ಈ ಸಲ ಅಪ್ಪನ ಮೇಲೆ. ಹೋಗಿ ಹೇಳಿದೆ, ಶಟರ್ ತೆಗೆಸು, ಗೋಡೆ ಕಟ್ಟಿಸು, ಚಿನ್ನಾಯ್ನನ ಜಾಗ ಅವನಿಗೆ ಕೊಡು, ಲೆಕ್ಕಕ್ಕೆ ಎರಡೂ ಒಂದೇ. ಅಪ್ಪ ಅಂಗಡಿಯ ಪೂಜೆಗೆ ದಿನ ನೋಡಿಸಿಯಾಗಿತ್ತು. "ಅವನೇ ಒಪ್ಕೊಂಡು ಮುಚ್ಚಿದಾನೆ. ನಾನು ಹೇಳಿದ್ನಾ?" ಎಂದ. ಹೇಳಿರಲಿಲ್ಲ. ಅವರಿಬ್ಬರ ನಡುವೆ ಯಾರೂ ಯಾರಿಗೂ ಏನೂ ಹೇಳಿರಲಿಲ್ಲ.

ಕರೆಂಟು ಹೋದಾಗಲೆಲ್ಲ ಹಿಂದಿನ ಮಗ್ಗ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಅದು ಹೋಗುವುದೇ ಹೆಚ್ಚು, ಇರುವುದು ಕಡಿಮೆ. ಅಂಚಿನ ಕುಸುರಿಗೆ ಹೆಸರಾದವನು ಚಿನ್ನಾಯ್ನ. ಮೊದಲು ಬಣ್ಣದ ಅಂಚು ಬಿಟ್ಟು ಒಂದೇ ಬಣ್ಣದ ಸೀರೆಗೆ ಇಳಿದ. ಆಮೇಲೆ ಅದರಲ್ಲೂ ಎಳೆ ತಪ್ಪತೊಡಗಿತು. ತಪ್ಪಿದ ಸೀರೆಯನ್ನು ಅಪ್ಪ ಅಂಗಡಿಯ ಒಳಗಿನ ಕಪಾಟಿಗೆ ಹಾಕುತ್ತಿದ್ದ. ಒಂದು ದಿನ ಚಿನ್ನಾಯ್ನ ಮಗ್ಗದ ಮೇಲೆ ಹಳೆಯ ಜಮಖಾನ ಹೊದಿಸಿಬಿಟ್ಟ. ಬೆಳಕಿನಲ್ಲಿ ಕೂತಿದ್ದರೂ ಕಣ್ಣು ಹೋಗುವುದೇ ಇತ್ತು ಎಂದು ಡಾಕ್ಟರು ನನಗೆ ಹೇಳಿದರು. ಎಷ್ಟು ವರ್ಷ ಮುಂಚೆ, ಎಷ್ಟು ವರ್ಷ ತಡವಾಗಿ ಎನ್ನುವುದನ್ನು ಯಾರೂ ಹೇಳಲಾಗದು ಎಂದರು. ಅಂಥ ಲೆಕ್ಕಕ್ಕೆ ನನ್ನ ಹತ್ತಿರ ಸೂತ್ರವೂ ಇಲ್ಲ.

ಭೂಕಂಪ ಬರಲಿಲ್ಲ. ಬಾರದಿರಲಿ, ಬರಬೇಕೆಂದು ನಾನು ಬಯಸಲೂ ಇಲ್ಲ. ಆದರೆ ನನ್ನ ಲೆಕ್ಕ ಸರಿಯಿತ್ತು ಎಂದು ಯಾರಿಗೂ ಯಾವತ್ತೂ ತೋರಿಸಲಾಗದ ಈ ಸಂಕಟವನ್ನು ಏನು ಮಾಡುವುದೋ ತಿಳಿಯದು. ಸುತ್ತಲಿನ ಊರುಗಳಿಗೆ ಒಳ್ಳೆಯ ರಸ್ತೆ ಬಂತು, ಕುದಾಪುರದ ಕಡೆ ದೊಡ್ಡ ದೊಡ್ಡ ಕಟ್ಟಡ ಬರುತ್ತವೆಂಬ ಸುದ್ದಿ ಬಂತು, ಇಂಥ ಲೆಕ್ಕ ಹಾಕುವವರನ್ನು ಆಫೀಸಿನಲ್ಲಿ ಈಗ ಗೌರವದಿಂದ ನೋಡುತ್ತಾರೆ. ಮೊಳಕಾಲ್ಮೂರಿನ ಕಂಬ ನೆಟ್ಟಗೆ ನಿಂತಿದೆ. ಲೆಕ್ಕ ಹಾಕದಿದ್ದರೂ ಹೀಗೇ ನಿಂತಿರುತ್ತಿತ್ತು ಎಂದು ಅಪ್ಪ ಎಷ್ಟೋ ವರ್ಷ ಹೇಳುತ್ತಿದ್ದ. ಆಮೇಲೆ ಹೇಳುವುದನ್ನು ನಿಲ್ಲಿಸಿದ.

ನಿಲ್ಲಿಸಿದ್ದು ಯಾವಾಗ ಎಂದು ನನಗೆ ಗೊತ್ತು. ಒಂದು ಭಾನುವಾರ ಅಂಗಡಿಯಲ್ಲಿ ಕೂತಿದ್ದೆವು. ಗಿರಾಕಿಗಳಿರಲಿಲ್ಲ. ಚಿನ್ನಾಯ್ನ ಗೋಡೆಗೊರಗಿ ಯಾರೋ ನೇಯ್ದು ತಂದ ಸೀರೆಯ ಅಂಚನ್ನು ಬೆರಳುಗಳ ನಡುವೆ ಹಾಯಿಸುತ್ತಿದ್ದ. ಅಪ್ಪ ಅದನ್ನು ಬಹಳ ಹೊತ್ತು ನೋಡಿದ.

"ನಿಮ್ಮ ಚಿನ್ನಾಯ್ನಂಗೆ ಹೇಳಮ್ಮ. ಈ ಶಟರ್ ಕೀಳಿಸಿ ಗೋಡೆ ಎಬ್ಬಿಸ್ತೀನಿ. ನಾಯ್ನ ತೋಡಿದ ಗುಂಡೀನ ಮತ್ತೆ ತೋಡಿಸ್ಲಿ. ಮಗ್ಗ ಈ ಬೆಳಕಿಗೇ ತರ್ಲಿ."

ನಾನು ಚಿನ್ನಾಯ್ನನ ಕಡೆ ತಿರುಗಿದೆ. ಹೇಳುವ ಮೊದಲೇ ಅವನು ಮಾತಾಡಿದ. ಸಿಟ್ಟಿರಲಿಲ್ಲ, ಎಂದಿನ ದನಿ.

"ನಿಮ್ಮಪ್ಪಂಗೆ ಹೇಳು ತಲ್ಲೀ. ನಂಗೀಗ ಗೋಡೆ ಯಾವುದು, ಶಟರ್ ಯಾವುದು ಅಂತ ಕೈಯಲ್ಲಿ ಮುಟ್ಟಿ ನೋಡ್ಬೇಕು."

ಅಪ್ಪ ಕೂತದ್ದು ಒಂದು ಮಾರು ದೂರದಲ್ಲಿ. ಈ ಸಲ ನಾನು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳಲಿಲ್ಲ. ಅವನಿಗೆ ಕೇಳಿಸಿತ್ತು.